ಗಂಟಲುಮಾರಿಯ ಸ್ಲೀಪಿಂಗ್ ಪಾರ್ಟ್‌ನರ್

1/6
ಇವತ್ತಿನದು ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ.

ನನ್ನ ತಮ್ಮ ಹತ್ತನೇ ಕ್ಲಾಸ್. ಸ್ಕೂಲಲ್ಲಿ ಟಿಡಿ ಇಂಜೆಕ್ಷನ್ ಹಾಕೋ ದಿನ ಹೊಟ್ಟೆನೋವು ಅಂತ ಮನೇಲೇ ಮಲಗಿಬಿಟ್ಟ. ನಾವೆಲ್ಲ ನಕ್ಕೆವು. ಅಜ್ಜಿ ಮಾತ್ರ ನಗಲಿಲ್ಲ. "ನಮ್ಮಕ್ಕ ಗಂಟಲುಮಾರಿ ಬಂದು ಹೋದ್ಳು ಕಣೋ. ಆರು ವರ್ಷ ಅವಳಿಗೆ. ಕೊನೇಗೆ ನೀರೂ ಇಳೀಲಿಲ್ಲ" ಅಂದ್ರು. ಆ ಅಕ್ಕಂದು ಒಂದು ಫೋಟೋ ಕೂಡ ನಮ್ಮನೇಲಿಲ್ಲ.

ಟಿಡಿಯಲ್ಲಿರೋ "ಡಿ" ಅಂದ್ರೆ ಡಿಫ್ತೀರಿಯಾ. ನಮ್ಮ ಕಡೆ ಮಾತಲ್ಲಿ ಗಂಟಲುಮಾರಿ. ಇದರ ಇತಿಹಾಸ ಓದ್ತಾ ಹೋದಾಗ ನನಗೆ ಗೊತ್ತಾಗಿದ್ದು: ಆ ವಿಷ ಬ್ಯಾಕ್ಟೀರಿಯಾದ ಸ್ವಂತದ್ದೇ ಅಲ್ಲ!

2/6
1883ರಲ್ಲಿ ಎಡ್ವಿನ್ ಕ್ಲೆಬ್ಸ್ ಈ ರೋಗದ ಬ್ಯಾಕ್ಟೀರಿಯಾ ನೋಡಿದರು. 1884ರಲ್ಲಿ ಫ್ರೆಡ್ರಿಕ್ ಲೋಫ್ಲರ್ ಅದನ್ನ ಲ್ಯಾಬಲ್ಲಿ ಬೆಳೆಸಿದರು. ಆಗ ಎರಡು ಒಗಟು ಎದುರಾದವು.

ಒಂದು, ಬ್ಯಾಕ್ಟೀರಿಯಾ ಇರೋದು ಗಂಟಲಲ್ಲಿ, ಹಾಳಾಗೋದು ದೂರದ ಅಂಗಗಳು. ಹೇಗೆ?
ಎರಡು, ಆರೋಗ್ಯವಾಗಿದ್ದ ಒಂದು ಮಗುವಿನ ಗಂಟಲಲ್ಲೂ ಅದೇ ಬ್ಯಾಕ್ಟೀರಿಯಾ ಸಿಕ್ಕಿತು. ಆ ಮಗುವಿಗೆ ಯಾಕೆ ಏನೂ ಆಗಲಿಲ್ಲ?

ಮೊದಲನೇದಕ್ಕೆ 1888ರಲ್ಲಿ ಪ್ಯಾರಿಸ್ಸಿನ ರೂ ಮತ್ತು ಯೆರ್ಸಿನ್ ಉತ್ತರ ಕೊಟ್ಟರು. ಬ್ಯಾಕ್ಟೀರಿಯಾ ಬೆಳೆದ ದ್ರವ ಸೋಸಿ, ಬ್ಯಾಕ್ಟೀರಿಯಾ ಪೂರ್ತಿ ತೆಗೆದು, ಉಳಿದದ್ದನ್ನ ಪ್ರಾಣಿಗಳಿಗೆ ಚುಚ್ಚಿದರು. ಪ್ರಾಣಿಗಳು ಸತ್ತವು. ಅಂದ್ರೆ ಕೊಲ್ಲೋದು ಅದು ಬಿಡೋ ವಿಷ, ರಕ್ತದಲ್ಲಿ ಎಲ್ಲಾ ಕಡೆ ಹೋಗುತ್ತೆ.

ಎರಡನೇ ಒಗಟು ಅರವತ್ತು ವರ್ಷಕ್ಕೂ ಹೆಚ್ಚು ಹಾಗೇ ಉಳೀತು.

3/6
ಬ್ಯಾಕ್ಟೀರಿಯಾಗೂ ವೈರಸ್ ತಗಲುತ್ತೆ, ಗೊತ್ತಾ? ಅವನ್ನ ಬ್ಯಾಕ್ಟೀರಿಯೊಫೇಜ್ ಅಂತಾರೆ, ಸುಲಭಕ್ಕೆ ಫೇಜ್. ಸಾಮಾನ್ಯವಾಗಿ ಒಳಗೆ ಹೋಗಿ, ಮರಿ ಮಾಡಿ, ಬ್ಯಾಕ್ಟೀರಿಯಾನ ಒಡೆದು ಹೊರಗೆ ಬರ್ತವೆ.

1951ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ವಿಕ್ಟರ್ ಫ್ರೀಮನ್ ವಿಷ ಮಾಡದ, ಸಾಧು ಡಿಫ್ತೀರಿಯಾ ಬ್ಯಾಕ್ಟೀರಿಯಾ ಮೇಲೆ ಫೇಜ್ ಬಿಟ್ಟರು. ತುಂಬಾ ಸತ್ತವು, ಕೆಲವು ಬದುಕಿದವು. ಬದುಕಿದವನ್ನ ಪರೀಕ್ಷೆ ಮಾಡಿದರೆ ಅವು ವಿಷ ಮಾಡ್ತಾ ಇದ್ದವು! ವೈರಸ್ ಒಳಗೆ ಸೇರಿಕೊಂಡ ಮೇಲೆ ಸಾಧು ಬ್ಯಾಕ್ಟೀರಿಯಾ ಮಾರಿ ಆಗಿತ್ತು. ವಿಷದ ಜೀನ್ ಇರೋದು ವೈರಸ್‌ನಲ್ಲೇ ಅಂತ ಆಮೇಲೆ ಖಚಿತವಾಯ್ತು.

4/6
ವೈರಸ್ ಒಳಗೆ ಕೂತ್ರೆ ಬ್ಯಾಕ್ಟೀರಿಯಾ ಯಾಕೆ ಸಾಯಲ್ಲ?

ನಾವು ಬಿಕಾಂನವರು ಸ್ಲೀಪಿಂಗ್ ಪಾರ್ಟ್‌ನರ್ ಅಂತ ಓದ್ತೀವಲ್ಲ, ಫರ್ಮ್‌ನಲ್ಲಿ ಪಾಲಿರುತ್ತೆ, ಅಂಗಡೀಲಿ ಮುಖ ಕಾಣಲ್ಲ. ಇದೂ ಹಾಗೇ. ಕೆಲವು ಫೇಜ್‌ಗಳು ತಮ್ಮ ಡಿಎನ್‌ಎಯನ್ನ ಬ್ಯಾಕ್ಟೀರಿಯಾದ ಡಿಎನ್‌ಎ ಒಳಗೇ ಹೊಲಿದುಬಿಡ್ತವೆ. ಒಂದು ತಡೆ ಪ್ರೋಟೀನ್ ವೈರಸ್‌ನ ಕೊಲ್ಲೋ ಜೀನ್‌ಗಳನ್ನ ಮಲಗಿಸಿ ಇಡುತ್ತೆ. ಬ್ಯಾಕ್ಟೀರಿಯಾ ಎರಡಾದಾಗಲೆಲ್ಲ ವೈರಸ್ಸಿಗೂ ಪುಕ್ಕಟೆ ಒಂದು ಕಾಪಿ. ಅದೇ ಜಾತಿಯ ಇನ್ನೊಂದು ಫೇಜ್ ಬಂದರೆ ಇದೇ ಪ್ರೋಟೀನ್ ಅದನ್ನೂ ಮಲಗಿಸುತ್ತೆ, ಅದು ಬ್ಯಾಕ್ಟೀರಿಯಾಗೆ ಲಾಭ.

ಇದನ್ನ ತೋರಿಸಿದವರು ಪ್ಯಾರಿಸ್ಸಿನ ಆಂದ್ರೆ ಲ್ವಾಫ್. ಒಂದೇ ಒಂದು ಬ್ಯಾಕ್ಟೀರಿಯಾನ ಹನಿಯಲ್ಲಿಟ್ಟು ಪೀಳಿಗೆ ಮೇಲೆ ಪೀಳಿಗೆ ಸೂಕ್ಷ್ಮದರ್ಶಕದಲ್ಲಿ ಕಾದು ನೋಡಿದರು. ಹೊರಗೆ ವೈರಸ್ ಸುಳಿವೇ ಇಲ್ಲ, ವಂಶ ಮಾತ್ರ ಅದನ್ನ ಹೊತ್ತು ಸಾಗ್ತಾ ಇತ್ತು. 1950ರಲ್ಲಿ ಅದರ ಮೇಲೆ ನೇರಳಾತೀತ ಬೆಳಕು ಬಿಟ್ಟರು. ಮಲಗಿದ್ದ ವೈರಸ್ ಎದ್ದು ಬ್ಯಾಕ್ಟೀರಿಯಾ ಒಡೆದವು. ಮನೆ ಬೀಳೋ ಹಾಗಾದ್ರೆ ಪಾರ್ಟ್‌ನರ್ ಪಾಲು ಎತ್ಕೊಂಡು ಓಡ್ತಾನೆ, ಅಷ್ಟೇ! ಲ್ವಾಫ್‌ಗೆ 1965ರಲ್ಲಿ ಜಾಕೋಬ್, ಮೊನೋ ಜೊತೆ ನೊಬೆಲ್ ಬಂತು.

5/6
ಇನ್ನೊಂದು ವಿಚಿತ್ರ. ಡಿಫ್ತೀರಿಯಾ ವಿಷದ ಜೀನ್ ವೈರಸ್‌ದು, ಆದ್ರೆ ಅದರ ಸ್ವಿಚ್ ಬ್ಯಾಕ್ಟೀರಿಯಾ ಕೈಲಿ. ಕಬ್ಬಿಣದ ಅಂಶ ಸಾಕಷ್ಟಿದ್ರೆ ಸ್ವಿಚ್ ಆಫ್. ನಮ್ಮ ಗಂಟಲಲ್ಲಿ ಅದಕ್ಕೆ ಸಿಗೋ ಕಬ್ಬಿಣ ಕಡಿಮೆ, ಸ್ವಿಚ್ ಆನ್. ಗಂಟಲಲ್ಲಿ ಬೂದು ಪೊರೆ ಕಟ್ಟುತ್ತೆ, ವಿಷ ಹೃದಯಕ್ಕೂ ನರಗಳಿಗೂ ಹೋಗುತ್ತೆ.

ಕಾಲರಾ ಕಥೆನೂ ಹೀಗೇ. ಅದರ ವಿಷ ಇದೆ ಅಂತ 1959ರಲ್ಲಿ ಕಲ್ಕತ್ತಾದ ಶಂಭುನಾಥ್ ಡೇ ತೋರಿಸಿದರು. ಆ ಜೀನ್ ತಂದಿದ್ದೂ ಫೇಜೇ ಅಂತ ಗೊತ್ತಾಗಿದ್ದು 1996ರಲ್ಲಿ.

6/6
ಈಗ ಸೂಜಿ ವಿಷಯಕ್ಕೆ ಬರೋಣ. 1923ರಲ್ಲಿ ಗ್ಯಾಸ್ಟನ್ ರಾಮೋನ್ ಆ ವಿಷವನ್ನ ಫಾರ್ಮಲಿನ್ ಮತ್ತು ಬಿಸಿಯಿಂದ ಹಲ್ಲು ಕಿತ್ತ ಹಾವಿನ ಥರ ಮಾಡಿದರು. ಲಸಿಕೆಯಲ್ಲಿ ಇರೋದು ಅದೇ. ಗಮನಿಸಿ, ಇದು ಬ್ಯಾಕ್ಟೀರಿಯಾನೂ ಕೊಲ್ಲಲ್ಲ, ವೈರಸ್‌ನೂ ಕೊಲ್ಲಲ್ಲ. ವಿಷ ಗುರುತಿಸೋದನ್ನ ನಮ್ಮ ದೇಹಕ್ಕೆ ಕಲಿಸುತ್ತೆ ಅಷ್ಟೇ. ಬ್ಯಾಕ್ಟೀರಿಯಾ, ಅದರೊಳಗಿನ ಪಾರ್ಟ್‌ನರ್, ಇಬ್ಬರೂ ಯಾರದೋ ಗಂಟಲಲ್ಲಿ ಇನ್ನೂ ಇದ್ದಾರೆ.

ಲಸಿಕೆ ತಪ್ಪಿದರೆ ಏನಾಗುತ್ತೆ? 1990ರ ದಶಕದಲ್ಲಿ ಹಳೇ ಸೋವಿಯತ್ ದೇಶಗಳಲ್ಲಿ 1,50,000ಕ್ಕೂ ಹೆಚ್ಚು ಜನಕ್ಕೆ ಬಂತು, ಸುಮಾರು 5,000 ಜನ ಸತ್ತರು. ದೂರದ ಕಥೆ ಅನ್ಕೋಬೇಡಿ, ನಮ್ಮ ಉತ್ತರ ಕರ್ನಾಟಕದಲ್ಲೂ ಈ ಶತಮಾನದಲ್ಲೇ ಪ್ರಕರಣ ಕಂಡಿವೆ.

ಚಿಕ್ಕಂದಿನ ಲಸಿಕೆಯ ಬಲ ವರ್ಷ ಕಳೆದ ಹಾಗೆ ಇಳಿಯುತ್ತೆ. ಅದಕ್ಕೇ 10 ಮತ್ತು 16ನೇ ವರ್ಷಕ್ಕೆ ಟಿಡಿ, ಸರ್ಕಾರಿ ಆಸ್ಪತ್ರೇಲಿ ಪುಕ್ಕಟೆ. ನಿಮ್ಮ ಮನೇಲಿ ಆ ವಯಸ್ಸಿನವರು ಇದ್ರೆ ಇವತ್ತೇ ಕಾರ್ಡ್ ತೆಗೆದು ನೋಡಿ.

ಮೊದಲನೇ ಫೋಟೋದಲ್ಲಿ ತೋಳಿಗೆ ಹತ್ತಿ ಒತ್ಕೊಂಡು ಮುಖ ಸಿಂಡರಿಸಿಕೊಂಡಿರೋನು ನನ್ನ ತಮ್ಮ. ಆಸ್ಪತ್ರೆಗೆ ಕೈ ಹಿಡ್ಕೊಂಡು ಕರ್ಕೊಂಡು ಹೋಗಿದ್ದು ಅಜ್ಜಿ.

#ಹಳೇಕೋಟೆ #ಹೊಳೆನರಸೀಪುರ #ಗಂಟಲುಮಾರಿ #ಇತಿಹಾಸ #ಕನ್ನಡದಲ್ಲಿವಿಜ್ಞಾನ