ಹಾಜರಿ ಪುಸ್ತಕ ಯಾರ ಕೈಯಲ್ಲಿ?

ಚಂದ್ರವಳ್ಳಿಗೆ ಹೋದವರು ಕೆರೆಯ ಬಳಿಯ ಬಂಡೆಯ ಮೇಲಿನ ಶಾಸನವನ್ನು ನೋಡದೆ ಬರುವುದಿಲ್ಲ. ಕದಂಬರ ಮಯೂರಶರ್ಮನು ಕೆರೆ ಕಟ್ಟಿಸಿದನೆಂದು ಅದು ಹೇಳುತ್ತದೆ. ಮಣ್ಣು ಹೊತ್ತವರ ಹೆಸರು ಅದರಲ್ಲಿಲ್ಲ. 1947ರಲ್ಲಿ ಮಾರ್ಟಿಮರ್ ವೀಲರ್ ಇಲ್ಲಿ ಅಗೆಸಿದಾಗ ರೋಮಿನ ಚಕ್ರವರ್ತಿ ತಿಬೇರಿಯಸನ ಬೆಳ್ಳಿ ನಾಣ್ಯ ಸಿಕ್ಕಿತು. ಹೊರದೇಶದ ಹಣ ಚಿತ್ರದುರ್ಗಕ್ಕೆ ಅಷ್ಟು ಹಿಂದೆಯೇ ಬಂದಿತ್ತು. ಅದಕ್ಕಾಗಿ ದುಡಿದವರಿಗೆ ಎಷ್ಟು ಕೂಲಿ ದಕ್ಕಿತೋ, ಯಾವ ಕಲ್ಲೂ ಹೇಳುವುದಿಲ್ಲ.

ಕೂಲಿಯ ಲೆಕ್ಕ ಕಾಗದದ ಮೇಲೆ ಬಂದದ್ದು ಬಹಳ ತಡವಾಗಿ. ಬಂದ ಮೇಲೂ ಆ ಪುಸ್ತಕ ಯಾರ ಕೈಯಲ್ಲಿರಬೇಕೆಂಬ ಜಗಳ ಮುಗಿಯಲಿಲ್ಲ. ಆ ಜಗಳದ ಎರಡು ಅಧ್ಯಾಯಗಳನ್ನು ಒಂದೇ ಕೋಲಾರ ಜಿಲ್ಲೆಯಲ್ಲಿ ಓದಬಹುದು.

ಮೊದಲನೆಯದು ಚಿನ್ನದ ಗಣಿಯದು. 1880ರಿಂದ ಲಂಡನ್ನಿನ ಜಾನ್ ಟೇಲರ್ ಆ್ಯಂಡ್ ಸನ್ಸ್ ಅಲ್ಲಿ ಆಡಳಿತ ನಡೆಸಿತು. 1930ರಲ್ಲಿ ಕಾರ್ಮಿಕರು ಬೆರಳಚ್ಚು ಕೊಟ್ಟು ನೋಂದಾಯಿಸಿಕೊಳ್ಳಬೇಕೆಂಬ ಆದೇಶ ಬಂತು. ಕಳ್ಳರಂತೆ ಬೆರಳು ಒತ್ತುವುದಿಲ್ಲವೆಂದು ಸಾವಿರಾರು ಜನ ಸುಮಾರು ಮೂರು ವಾರ ಗಣಿಗೆ ಇಳಿಯಲಿಲ್ಲ. ಅಲ್ಲಿ ಕಂಪನಿಗೆ ಕಾರ್ಮಿಕನ ಗುರುತು ಬೇಕಿತ್ತು, ಅವನ ಮಾತು ಬೇಕಿರಲಿಲ್ಲ.

ಎರಡನೆಯದು ನರಸಾಪುರದ್ದು. ತೈವಾನಿನ ವಿಸ್ಟ್ರಾನ್ ಕಂಪನಿ ಅಲ್ಲಿ ಆ್ಯಪಲ್‌ಗಾಗಿ ಐಫೋನ್ ಜೋಡಿಸುತ್ತಿತ್ತು. 2020ರ ಡಿಸೆಂಬರ್ 12ರ ಬೆಳಗ್ಗೆ ಸಂಬಳದ ಸಿಟ್ಟು ಕಿಟಕಿ ಗಾಜುಗಳ ಮೇಲೆ ಬಿತ್ತು. ಒಡೆದದ್ದನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಆ ಬಳಿಕ ಕಾರ್ಖಾನೆಗಳ ಇಲಾಖೆ ಬರೆದ ವರದಿಯನ್ನು ಓದಬೇಕು. ಅಲ್ಪಕಾಲದಲ್ಲೇ 5,000 ಇದ್ದ ಕೆಲಸಗಾರರು 10,500 ಆಗಿದ್ದರು. ಕಾರ್ಮಿಕ ಕಾನೂನು ಬಲ್ಲ ಸಾಕಷ್ಟು ಸಿಬ್ಬಂದಿ ಮಾನವ ಸಂಪನ್ಮೂಲ ವಿಭಾಗದಲ್ಲಿ ಇರಲಿಲ್ಲ. ಇಲಾಖೆಗೆ ತಿಳಿಸದೆ ಪಾಳಿ 12 ಗಂಟೆಯಾಗಿತ್ತು. ಹಾಜರಿಯ ಯಂತ್ರ ಕೆಟ್ಟಿತ್ತು. ದುಡಿದವನ ಬೆರಳು ಈ ಸಲ ಸಿದ್ಧವಿತ್ತು, ಅದನ್ನು ಓದುವ ಯಂತ್ರ ಸಿದ್ಧವಿರಲಿಲ್ಲ!

ಅಲ್ಲಿ ಹೆಚ್ಚಿನವರು ಗುತ್ತಿಗೆಯವರು. ನಡುವೆ ಏಜೆನ್ಸಿಗಳು. ಸಂಬಳ ಕೇಳಿದರೆ ಕಂಪನಿ ಏಜೆನ್ಸಿಯ ಕಡೆ, ಏಜೆನ್ಸಿ ಕಂಪನಿಯ ಕಡೆ ಕೈ ತೋರಿಸಲು ಅವಕಾಶ. ಆದರೆ ಆಗ ಜಾರಿಯಲ್ಲಿದ್ದ 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲಿ ಆ ಆಟಕ್ಕೆ ಜಾಗವಿರಲಿಲ್ಲ: ಗುತ್ತಿಗೆದಾರ ಕೊಡದಿದ್ದರೆ ಮೂಲ ಮಾಲೀಕನೇ ಕೊಟ್ಟು ಆಮೇಲೆ ಅವನಿಂದ ವಸೂಲು ಮಾಡಿಕೊಳ್ಳಬೇಕು. ಕೆಲವರಿಗೆ ಸರಿಯಾಗಿ, ಸಮಯಕ್ಕೆ ಸಂಬಳ ಸಿಕ್ಕಿಲ್ಲವೆಂದು ವಿಸ್ಟ್ರಾನ್ ಒಪ್ಪಿಕೊಂಡು ಭಾರತದ ವಹಿವಾಟು ನೋಡುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. ಹೊಸ ಕೆಲಸ ಕೊಡುವುದನ್ನು ಆ್ಯಪಲ್ ತಡೆಹಿಡಿಯಿತು. ಈಗ ಆ ಕಾರ್ಖಾನೆ ಟಾಟಾದವರದ್ದು.

ಪರದೇಶದ ಮಾಲೀಕನಿಗೆ ನಮ್ಮ ಕಾನೂನು ತೊಡಕೆನಿಸುವುದು ಸುಳ್ಳಲ್ಲ, ಕೇಂದ್ರದ್ದೊಂದು, ರಾಜ್ಯದ್ದೊಂದು. 2025ರ ನವೆಂಬರ್ 21ರಿಂದ 29 ಹಳೆಯ ಕಾಯ್ದೆಗಳ ಜಾಗದಲ್ಲಿ ನಾಲ್ಕು ಸಂಹಿತೆಗಳು ಬಂದಿವೆ. ಸರಳವಾದರೆ ಸಂತೋಷ. ಆದರೆ ನರಸಾಪುರದಲ್ಲಿ ತಪ್ಪಿದ್ದು ಯಾವುದೋ ಗಹನವಾದ ಕಲಮಲ್ಲ. ಎಷ್ಟು ದಿನ ದುಡಿದ, ಎಷ್ಟು ಕೊಡಬೇಕು ಎಂಬ ಸಾದಾ ಲೆಕ್ಕ.

ಉರ್ದು, ಕನ್ನಡ ಎರಡರಲ್ಲೂ ಓದಿದ ನಮಗೆ ಒಂದು ಸಂಗತಿ ಕಾಣುತ್ತದೆ. ಹಾಜರಿ, ರಜೆ, ಕರಾರು, ಜವಾಬ್ದಾರಿ, ಇವೆಲ್ಲ ಅರಬ್ಬಿ, ಪಾರ್ಸಿಯಿಂದ ಬಂದು ಕನ್ನಡವೇ ಆಗಿಹೋದ ಮಾತುಗಳು. ಹೊರಗಿನಿಂದ ಬಂದ ಮಾತು ಇಲ್ಲಿ ಬೇರು ಬಿಡಬಹುದಾದರೆ, ಹೊರಗಿನಿಂದ ಬಂದ ಬಂಡವಾಳವೂ ಬಿಡಬಹುದು. ಅದು ಮೊದಲು ಕಲಿಯಬೇಕಾದದ್ದು ಜವಾಬ್ದಾರಿ ಎಂಬ ಮಾತನ್ನು. ಕೆರೆ ಕಟ್ಟಿದವರ ಹೆಸರು ಚಂದ್ರವಳ್ಳಿಯ ಬಂಡೆಯಿಂದ ಬಿಟ್ಟುಹೋಯಿತು. ನಮ್ಮ ಮಕ್ಕಳ ಹೆಸರು ಹಾಜರಿಯಿಂದ ಬಿಟ್ಟುಹೋಗಬಾರದು.