ಚಿಕ್ಕ ಗಾಡಿ, ದೊಡ್ಡ ಗಾಲಿ

ಎತ್ತಿನ ಗಾಡಿಯ ಗಾಲಿ ಅಷ್ಟು ದೊಡ್ಡದಿರುತ್ತಿದ್ದುದು ಏಕೆ? ಅಂದಕ್ಕಂತೂ ಅಲ್ಲ. ಮಳೆಗಾಲದಲ್ಲಿ ಗಾಲಿ ಕೆಸರಿನಲ್ಲಿ ಹೂತರೂ ಅಚ್ಚು ನೆಲಕ್ಕೆ ತಾಗಬಾರದು. ಅಚ್ಚು ನಿಲ್ಲುವುದು ಗಾಲಿಯ ನಡುವೆ. ಹಾಗಾಗಿ ಗಾಲಿಯ ಎತ್ತರದ ಅರ್ಧವೇ ಅಚ್ಚಿನ ಎತ್ತರ. ಮಲೆನಾಡಿನ ಬಡಗಿಗೆ ಈ ಲೆಕ್ಕವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಶಿವಮೊಗ್ಗ, ಭದ್ರಾವತಿಗಳಲ್ಲಿ ಹಳೆಯ ಜಿಪ್ಸಿಯನ್ನೋ ಹೊಸ ಜಿಮ್ನಿಯನ್ನೋ ಇಟ್ಟುಕೊಂಡು, ಅದಕ್ಕೆ ಇನ್ನಷ್ಟು ದೊಡ್ಡ ಟೈರು ಹಾಕಿಸುವ ಆಸೆ ಪಡುವವರ ಮುಂದಿರುವುದೂ ಇದೇ ಲೆಕ್ಕ. ಸ್ಪ್ರಿಂಗ್ ಬದಲಿಸಿ ಗಾಡಿ ಎತ್ತರಿಸಿದರೆ ಸಾಕೆಂದು ಹಲವರು ತಿಳಿಯುತ್ತಾರೆ. ಅದು ಅರ್ಧ ಸತ್ಯ. ಸ್ಪ್ರಿಂಗ್ ಎತ್ತುವುದು ಗಾಡಿಯ ಮೈಯನ್ನು ಮಾತ್ರ. ಎರಡು ಚಕ್ರಗಳ ನಡುವೆ ಉಬ್ಬಿಕೊಂಡಿರುವ, ಕಲ್ಲಿಗೆ ಮೊದಲು ಬಡಿಯುವ ಡಿಫರೆನ್ಷಿಯಲ್ ಇದ್ದಲ್ಲೇ ಇರುತ್ತದೆ. ಅದನ್ನು ಎತ್ತುವುದು ಟೈರು ಒಂದೇ.

ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿಗೆ ಇದ್ದುದು 6.00-16 ಅಳತೆಯ ಟೈರು. ಅಂದರೆ 6 ಅಂಗುಲ ಅಗಲ, 16 ಅಂಗುಲದ ರಿಮ್, ಒಟ್ಟು ಎತ್ತರ ಸುಮಾರು 28 ಅಂಗುಲ. 1940ರ ದಶಕದ ಕೊನೆಯಲ್ಲಿ ಮಹೀಂದ್ರ ಕಂಪನಿ ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿತು. 1343 ಮೀಟರ್ ಎತ್ತರದ ಕೊಡಚಾದ್ರಿಯ ಮಣ್ಣುದಾರಿಯಲ್ಲಿ ಯಾತ್ರಿಕರನ್ನು ತುಂಬಿಕೊಂಡು ಏರಿದ ಜೀಪುಗಳು ಈ ವಂಶಕ್ಕೇ ಸೇರಿದವು.

ಜಿಪ್ಸಿಯ ಕಥೆ ಜಪಾನಿನದು. ಅಲ್ಲಿ ತೆರಿಗೆ ರಿಯಾಯಿತಿ ಸಿಗಬೇಕಾದರೆ ಗಾಡಿ 3 ಮೀಟರಿನೊಳಗೆ, ಎಂಜಿನ್ 360 ಸಿ.ಸಿ.ಯೊಳಗೆ ಇರಬೇಕಿತ್ತು. ಹೋಪ್ ಎಂಬ ಪುಟ್ಟ ಕಂಪನಿ ಮಾಡಿದ್ದ ಇಂಥದೊಂದು ಗಾಡಿಯ ಹಕ್ಕನ್ನು ಸುಜುಕಿ ಕೊಂಡುಕೊಂಡು, 1970ರಲ್ಲಿ ಎಲ್‌ಜೆ10 ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. 359 ಸಿ.ಸಿ. ಎಂಜಿನ್, ಬರೀ 25 ಅಶ್ವಶಕ್ತಿ. ಆದರೆ ಟೈರು? ಜೀಪಿನದೇ 16 ಅಂಗುಲದ್ದು! ಉದ್ದದ ಮಿತಿ ದಾಟಬಾರದೆಂದು ಸ್ಟೆಪ್ನಿಯನ್ನು ಗಾಡಿಯ ಒಳಗೇ ಇಟ್ಟರು. ಒಬ್ಬರ ಸೀಟು ಹೋಯಿತು, ಟೈರು ಮಾತ್ರ ಚಿಕ್ಕದಾಗಲಿಲ್ಲ. ಚಿಕ್ಕ ಗಾಡಿಗೆ ದೊಡ್ಡ ಟೈರು ಹಾಕುವುದು ಇಂದಿನ ಹುಡುಗರ ಶೋಕಿ ಎನ್ನುವವರು ಇದನ್ನು ಗಮನಿಸಬೇಕು.

ಅದೇ ವಂಶದ ಜಿಪ್ಸಿಯನ್ನು ಮಾರುತಿ ಕಂಪನಿ 1985ರಲ್ಲಿ ಭಾರತಕ್ಕೆ ತಂದಿತು. ಎಂಜಿನ್ 970 ಸಿ.ಸಿ. ಸೇನೆ, ಪೊಲೀಸ್, ಅರಣ್ಯ ಇಲಾಖೆಗಳು ಅದನ್ನು ನೆಚ್ಚಿಕೊಂಡವು. 1996ರಲ್ಲಿ 1298 ಸಿ.ಸಿ.ಯ ಜಿಪ್ಸಿ ಕಿಂಗ್ ಬಂತು. ಅದರ ಟೈರು 205/70 ಆರ್15. ಲೆಕ್ಕ ಹಾಕಿದರೆ ಎತ್ತರ 668 ಮಿ.ಮೀ. ಇದನ್ನು ತೆಗೆದು, ಗಾಡಿಪ್ರಿಯರಿಗೆ ಇಷ್ಟವಾದ 235/75 ಆರ್15 ಹಾಕಿದರೆ ಎತ್ತರ 733 ಮಿ.ಮೀ. ದಾಟುತ್ತದೆ. ವ್ಯತ್ಯಾಸ ಆರೂವರೆ ಸೆಂ.ಮೀ. ಆದರೆ ಅಚ್ಚು ಏರುವುದು ಅದರ ಅರ್ಧ, ಮೂರೂಕಾಲು ಸೆಂ.ಮೀ. ಮಾತ್ರ.

ಈ ಮೂರೂಕಾಲು ಸೆಂ.ಮೀ.ಗೆ ತೆರಬೇಕಾದ ಬೆಲೆ ಕಡಿಮೆಯೇನಲ್ಲ. ಮಡ್‌ಗಾರ್ಡಿಗೂ ಟೈರಿಗೂ ನಡುವಿನ ಜಾಗ ಸುತ್ತಲೂ ಅಷ್ಟೇ ಕುಗ್ಗುತ್ತದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ, ಹಳ್ಳದಲ್ಲಿ ಒಂದು ಚಕ್ರ ಮೇಲೇರಿದಾಗ ಟೈರು ಉಜ್ಜುತ್ತದೆ. ಇಲ್ಲಿ ದಾರಿ ಎರಡು. ಗಾಡಿಯ ಮೈಯನ್ನು ಬಹಳ ಎತ್ತರಿಸುವುದು ಒಂದು. ಹಾಗೆ ಮಾಡಿದರೆ ಭಾರ ಮೇಲಕ್ಕೇರಿ, ಘಾಟಿಯ ತಿರುವಿನಲ್ಲಿ ಗಾಡಿ ಮಗುಚುವ ಭಯ ಹೆಚ್ಚುತ್ತದೆ. ಸ್ವಲ್ಪವೇ ಎತ್ತರಿಸಿ, ಬಂಪರಿನ ಮೂಲೆಯನ್ನೂ ಮಡ್‌ಗಾರ್ಡಿನ ಅಂಚನ್ನೂ ಕತ್ತರಿಸಿ ಜಾಗ ಮಾಡುವುದು ಇನ್ನೊಂದು. ನೋಡಲು ಒರಟಾದರೂ ಎರಡನೆಯದೇ ಜಾಣತನವೆಂದು ನನಗೆ ತೋರುತ್ತದೆ.

ಈ ಕೆಲಸಕ್ಕೆ ಬೇಕಾದ್ದು ಅಳತೆ ಬಲ್ಲ ಕೈ. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಯ ನೆರಳಲ್ಲಿ ಬೆಳೆದ ಭದ್ರಾವತಿಗೆ ಲೇತು, ವೆಲ್ಡಿಂಗ್ ಹೊಸತಲ್ಲ. ಆದರೆ ವೆಲ್ಡಿಂಗಿನಿಂದ ಸರಿಹೋಗದ ಸಂಗತಿಗಳೂ ಇವೆ. ಟೈರು ಶೇ. 10ರಷ್ಟು ದೊಡ್ಡದಾದರೆ ಸ್ಪೀಡೋಮೀಟರು ಸುಳ್ಳು ಹೇಳುತ್ತದೆ: ಮುಳ್ಳು 60 ತೋರಿಸುವಾಗ ಗಾಡಿ ಓಡುವುದು ಸುಮಾರು 66ರಲ್ಲಿ. ನೆಲಕ್ಕೆ ಮುಟ್ಟುವ ಎಳೆತ ಶೇ. 9ರಷ್ಟು ತಗ್ಗುತ್ತದೆ. ಪುಟ್ಟ ಎಂಜಿನ್ನಿಗೆ ಅದು ಭಾರವೇ. ಬ್ರೇಕ್ ಹಿಡಿತವೂ ಅಷ್ಟೇ ಕುಂದುತ್ತದೆ. ಶಿವಮೊಗ್ಗ-ಭದ್ರಾವತಿ ಹೆದ್ದಾರಿಯಲ್ಲಿ ಲಾರಿಯ ಹಿಂದೆ ಹೋಗುವಾಗ ಇದು ನೆನಪಿರಬೇಕು.

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಮೈಯನ್ನು ಕತ್ತರಿಸಲು ಹೊರಟವರು ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸುವುದು ಲೇಸು.

2023ರಲ್ಲಿ ಭಾರತಕ್ಕೆ ಬಂದ ಜಿಮ್ನಿಗೆ ಕಾರ್ಖಾನೆಯೇ 195/80 ಆರ್15 ಟೈರು ಕೊಟ್ಟಿತು. ಅದರ ಎತ್ತರ 693 ಮಿ.ಮೀ., ಹಳೆಯ ಜೀಪಿನ ಟೈರಿಗಿಂತ 2 ಸೆಂ.ಮೀ.ನಷ್ಟು ಮಾತ್ರ ಕಡಿಮೆ. ಅದಕ್ಕೂ 235/75 ಹಾಕಿಸಿದರೆ ಅಚ್ಚು ಏರುವುದು 2 ಸೆಂ.ಮೀ. ಕೆಸರು ದಾಟುವುದಷ್ಟೇ ಉದ್ದೇಶವಾದರೆ ಇರುವ ಟೈರಿನ ಗಾಳಿಯನ್ನೇ ಸ್ವಲ್ಪ ಇಳಿಸಬಹುದು. ಟೈರು ನೆಲವನ್ನು ಅಗಲವಾಗಿ ಹಿಡಿಯುತ್ತದೆ, ಕತ್ತರಿಸುವ ಗೋಜಿಲ್ಲ. ಹೆದ್ದಾರಿಗೆ ಮರಳುವ ಮೊದಲು ಮತ್ತೆ ಗಾಳಿ ತುಂಬಿಸಬೇಕು, ಅಷ್ಟೆ.