ಕಾಣೆಯಾದ ಯೋಧರ ಮತ್ತು ಮಾಜಿ ಸೈನಿಕರ ಪರ ಸ್ವಯಂಸೇವೆ

ಯುದ್ಧದಲ್ಲಿ ಅಥವಾ ಕರ್ತವ್ಯದ ವೇಳೆ ಕಣ್ಮರೆಯಾದ ಸೈನಿಕರ ಸುಳಿವು ಹುಡುಕುವುದು, ಸೆರೆಸಿಕ್ಕವರ ಬಿಡುಗಡೆಗೆ ಒತ್ತಾಯಿಸುವುದು, ನಿವೃತ್ತರಿಗೂ ಅವರ ಅವಲಂಬಿತರಿಗೂ ಸಲ್ಲಬೇಕಾದ ಪಿಂಚಣಿ, ಚಿಕಿತ್ಸೆ, ಗೌರವಗಳನ್ನು ದೊರಕಿಸಿಕೊಡುವುದು, ಇಷ್ಟನ್ನೂ ಒಳಗೊಂಡ ಸಂಬಳವಿಲ್ಲದ ಸಾರ್ವಜನಿಕ ಕೆಲಸ. ಯೋಧರ ಮನೆಯವರು, ಅವರ ಜೊತೆಗಾರರು, ನಿವೃತ್ತ ಅಧಿಕಾರಿಗಳು, ಯುದ್ಧ ಇತಿಹಾಸದ ಆಸಕ್ತರು ಈ ಕೆಲಸಕ್ಕೆ ಹೆಗಲು ಕೊಡುತ್ತ ಬಂದಿದ್ದಾರೆ. ಕರ್ನಾಟಕದಲ್ಲಿ ಇದರ ಬೇರುಗಳು ಕೊಡಗಿನಲ್ಲಿ ಆಳವಾಗಿವೆ. ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ಮಾಜಿ ಸೈನಿಕರ ಸಂಘಟನೆಗೆ ಬುನಾದಿ ಹಾಕಿದವರು. 1965ರ ಭಾರತ-ಪಾಕಿಸ್ತಾನ ಯುದ್ಧದಲ್ಲಿ ಕಣ್ಮರೆಯಾದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರಿಗೆ 23 ವರ್ಷಗಳ ನಂತರ ಸಂದ ಮಹಾವೀರ ಚಕ್ರ, ಬಿಡದೆ ಬೆನ್ನುಹತ್ತಿದರೆ ಎಂಥ ನ್ಯಾಯ ದೊರಕೀತು ಎಂಬುದಕ್ಕೆ ನಾಡಿನ ದೊಡ್ಡ ನಿದರ್ಶನ.

ಹಿನ್ನೆಲೆ

ಮೊದಲ ಮಹಾಯುದ್ಧ ಮುಗಿದು ಲಕ್ಷಾಂತರ ಸಿಪಾಯಿಗಳು ಊರಿಗೆ ಮರಳಿದಾಗ ಅವರ ಮತ್ತು ಮಡಿದವರ ಕುಟುಂಬಗಳ ಹಿತ ನೋಡಿಕೊಳ್ಳಲು 1919ರಲ್ಲಿ ಭಾರತೀಯ ಸೈನಿಕರ ಮಂಡಳಿ ಆರಂಭವಾಯಿತು. ಇಂದಿನ ಕೇಂದ್ರೀಯ ಸೈನಿಕ ಮಂಡಳಿ ಇದರ ಮುಂದುವರಿಕೆ. ರಾಜ್ಯ ಮಟ್ಟದಲ್ಲಿ ರಾಜ್ಯ ಸೈನಿಕ ಮಂಡಳಿ ಇದೆ, ಜಿಲ್ಲಾ ಮಟ್ಟದಲ್ಲಿ ಜಿಲ್ಲಾ ಸೈನಿಕ ಮಂಡಳಿಗಳಿವೆ. ಕರ್ನಾಟಕದಲ್ಲಿ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ ಈ ಹೊಣೆ ಹೊತ್ತಿದೆ. 1949ರಿಂದ ಪ್ರತಿ ವರ್ಷ ಡಿಸೆಂಬರ್ 7ರಂದು ಸಶಸ್ತ್ರ ಪಡೆಗಳ ಧ್ವಜ ದಿನ ಆಚರಿಸಿ ಜನರಿಂದ ನಿಧಿ ಸಂಗ್ರಹಿಸಲಾಗುತ್ತದೆ.

ಆದರೆ ಅರ್ಜಿ ಬಂದರಷ್ಟೇ ಕಚೇರಿಯ ಕಡತ ತೆರೆಯುತ್ತದೆ. ಅರ್ಜಿ ಹಾಕಲು ತಿಳಿಯದ ವಿಧವೆಯ ಮನೆಗೆ ಹೋಗುವವರು ಬೇಕು, 'ಕಾಣೆಯಾಗಿದ್ದಾರೆ' ಎಂಬ ಷರಾದೊಂದಿಗೆ ಮುಚ್ಚಿದ ಕಡತವನ್ನು ಮತ್ತೆ ತೆರೆಸುವವರೂ ಬೇಕು. ಸ್ವಯಂಸೇವೆ ಹುಟ್ಟಿದ್ದು ಈ ಅಗತ್ಯದಿಂದ.

ಕಾರ್ಯಪ್ಪ ಮತ್ತು ಮಾಜಿ ಸೈನಿಕರ ಸಂಘಟನೆ

ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದ ಕಾರ್ಯಪ್ಪ 1953ರಲ್ಲಿ ನಿವೃತ್ತರಾದರು. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ಗಳಲ್ಲಿ ಹೈಕಮಿಷನರ್ ಆಗಿದ್ದು ಮರಳಿದ ನಂತರ ಮಾಜಿ ಸೈನಿಕರ ಏಳಿಗೆಗೆ ಬದುಕನ್ನು ಮುಡಿಪಿಟ್ಟರು. 1964ರಲ್ಲಿ ಅವರು ಸ್ಥಾಪಿಸಿದ ಇಂಡಿಯನ್ ಎಕ್ಸ್-ಸರ್ವಿಸಸ್ ಲೀಗ್, ಸಿಪಾಯಿಯಿಂದ ಜನರಲ್‌ವರೆಗೆ ಎಲ್ಲ ದರ್ಜೆಯ ನಿವೃತ್ತರನ್ನೂ ಒಂದೇ ಸೂರಿನಡಿ ತಂದಿತು.

ಮರು ವರ್ಷವೇ ಯುದ್ಧಕೈದಿಯ ಸಂಕಟ ಅವರ ಮನೆಬಾಗಿಲಿಗೇ ಬಂತು. 1965ರ ಸೆಪ್ಟೆಂಬರ್ 22ರಂದು, ಯುದ್ಧದ ಕೊನೆಯ ಗಳಿಗೆಯಲ್ಲಿ, ಅವರ ಮಗ ಕೆ.ಸಿ. ನಂದಾ ಕಾರ್ಯಪ್ಪ ಹಾರಿಸುತ್ತಿದ್ದ ಹಂಟರ್ ವಿಮಾನವನ್ನು ಹೊಡೆದುರುಳಿಸಿದ ಪಾಕಿಸ್ತಾನ ಅವರನ್ನು ಸೆರೆಹಿಡಿಯಿತು. ಅಲ್ಲಿನ ಅಧ್ಯಕ್ಷ ಅಯೂಬ್ ಖಾನ್ ದೇಶ ವಿಭಜನೆಗೆ ಮುಂಚೆ ಕಾರ್ಯಪ್ಪನವರ ಕೈಕೆಳಗೆ ಸೇವೆ ಮಾಡಿದ್ದವರು. ಅವರು ನಂದಾ ಅವರಿಗೆ ವಿಶೇಷ ಉಪಚಾರ ನೀಡಲು ಮುಂದಾದರು. ಕಾರ್ಯಪ್ಪ ಒಪ್ಪಲಿಲ್ಲ. ಸೆರೆಯಲ್ಲಿರುವ ಭಾರತೀಯ ಯೋಧರೆಲ್ಲರೂ ತನ್ನ ಮಕ್ಕಳೇ, ನೋಡಿಕೊಳ್ಳುವುದಾದರೆ ಎಲ್ಲರನ್ನೂ ಒಂದೇ ರೀತಿ ನೋಡಿಕೊಳ್ಳಲಿ ಎಂಬುದು ಅವರ ನಿಲುವಾಗಿತ್ತು. ನಂದಾ 1966ರ ಜನವರಿಯಲ್ಲಿ ಬಿಡುಗಡೆಯಾದರು, ಮುಂದೆ ಏರ್ ಮಾರ್ಷಲ್ ಪದವಿಗೇರಿದರು. ದರ್ಜೆ, ಮನೆತನ, ಪರಿಚಯ ಯಾವುದನ್ನೂ ಎಣಿಸದೆ ಎಲ್ಲರಿಗಾಗಿ ಒಂದೇ ದನಿ ಎತ್ತುವುದು ಯೋಧರ ಪರ ಕೆಲಸದ ಮೊದಲ ಪಾಠ. ಅದನ್ನು ಕಾರ್ಯಪ್ಪ ತಮ್ಮ ಮಗನ ವಿಷಯದಲ್ಲೇ ಪಾಲಿಸಿ ತೋರಿಸಿದರು.

ದೇವಯ್ಯ ಪ್ರಕರಣ

1932ರ ಡಿಸೆಂಬರ್ 24ರಂದು ಜನಿಸಿದ ಅಜ್ಜಮಾಡ ದೇವಯ್ಯ 1954ರಲ್ಲಿ ವಾಯುಪಡೆ ಸೇರಿದರು. 1965ರ ಸೆಪ್ಟೆಂಬರ್ 7ರ ಮುಂಜಾನೆ, ಪಂಜಾಬಿನ ಆದಮ್‌ಪುರದಲ್ಲಿದ್ದ 1ನೇ ಸ್ಕ್ವಾಡ್ರನ್ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೊರಟಿತು. ತಂಡದ ನಾಯಕರು ವಿಂಗ್ ಕಮಾಂಡರ್ ಓಂ ಪ್ರಕಾಶ್ ತನೇಜಾ. ಮೀಸಲು ಪೈಲಟ್ ಆಗಿದ್ದ ದೇವಯ್ಯ, ಒಂದು ವಿಮಾನ ಹಿಂದುಳಿದಾಗ ಅದರ ಜಾಗ ತುಂಬಿದರು. ಅವರು ಮರಳಿ ಬರಲಿಲ್ಲ. ದಾರಿಯಲ್ಲಿ ಏನಾಯಿತೆಂಬುದು ಜೊತೆಗಾರರಿಗೂ ತಿಳಿಯಲಿಲ್ಲ. ಅವರು 'ಕಾಣೆಯಾದವರ' ಪಟ್ಟಿಗೆ ಸೇರಿದರು, ಕ್ರಮೇಣ ಮೃತರೆಂದು ಪರಿಗಣಿಸಲ್ಪಟ್ಟರು.

ಉತ್ತರ ಬಂದದ್ದು ಎದುರಾಳಿಯ ಕಡೆಯಿಂದ. ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಪಾಕಿಸ್ತಾನ ವಾಯುಪಡೆಯ ಮಾಹಿತಿ ಆಧರಿಸಿ ಬರೆದ ಯುದ್ಧಚರಿತ್ರೆ 1979ರಲ್ಲಿ ಪ್ರಕಟವಾಯಿತು. ಅಂದು ಪಾಕಿಸ್ತಾನದ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಅವರ ಸ್ಟಾರ್‌ಫೈಟರ್ ವಿಮಾನವನ್ನು ಭಾರತದ ಮಿಸ್ಟೇರ್ ವಿಮಾನವೊಂದು ಉರುಳಿಸಿತ್ತೆಂದು ಅದರಲ್ಲಿತ್ತು. ಸ್ಟಾರ್‌ಫೈಟರ್ ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲ ಅಮೆರಿಕನ್ ವಿಮಾನ, ಮಿಸ್ಟೇರ್ ಅದರ ಮುಂದೆ ಹಳೆಯದು, ನಿಧಾನಗತಿಯದು. ಪೆಟ್ಟು ತಿಂದ ಮಿಸ್ಟೇರ್‌ನಲ್ಲೇ ತಿರುಗಿಬಿದ್ದು ಕಾದಾಡಿದ ಪೈಲಟ್ ಯಾರು ಎಂದು ಲೆಕ್ಕ ಹಾಕಿದಾಗ ಉಳಿದ ಹೆಸರು ಒಂದೇ, ದೇವಯ್ಯ. ಅಮ್ಜದ್ ಹುಸೇನ್ ವಿಮಾನದಿಂದ ಹೊರಹಾರಿ ಬದುಕುಳಿದಿದ್ದರು.

ಈ ಸುಳಿವು ಹಿಡಿದು ತನೇಜಾ ತಮ್ಮ ಜೊತೆಗಾರನಿಗೆ ಸಲ್ಲಬೇಕಾದ ಮನ್ನಣೆಗಾಗಿ ಪಟ್ಟು ಹಿಡಿದರು. 1988ರಲ್ಲಿ ದೇವಯ್ಯನವರಿಗೆ ಮರಣೋತ್ತರ ಮಹಾವೀರ ಚಕ್ರ ಘೋಷಣೆಯಾಯಿತು. ಪತ್ನಿ ಸುಂದರಿ ದೇವಯ್ಯ ಅದನ್ನು ಸ್ವೀಕರಿಸಿದರು. ಪಿ.ವಿ.ಎಸ್. ಜಗನ್ ಮೋಹನ್ ಮತ್ತು ಸಮೀರ್ ಚೋಪ್ರಾ 2005ರಲ್ಲಿ ಪ್ರಕಟಿಸಿದ 1965ರ ವಾಯುಯುದ್ಧದ ಇತಿಹಾಸ ಈ ಕಾಳಗವನ್ನು ಹೊಸ ತಲೆಮಾರಿನ ಓದುಗರಿಗೆ ಮುಟ್ಟಿಸಿತು. ಮಡಿಕೇರಿಯಲ್ಲಿ ದೇವಯ್ಯನವರ ಹೆಸರಿನ ವೃತ್ತವಿದೆ. 2025ರಲ್ಲಿ ತೆರೆಕಂಡ ಹಿಂದಿ ಚಿತ್ರ 'ಸ್ಕೈ ಫೋರ್ಸ್'ಗೆ ಇದೇ ಘಟನೆ ಪ್ರೇರಣೆ.

1971ರ ಪಟ್ಟಿ

ಎಲ್ಲ ಮನೆಗಳಿಗೂ ಇಂಥ ಉತ್ತರ ಸಿಕ್ಕಿಲ್ಲ. 1971ರ ಯುದ್ಧದಲ್ಲಿ ಪಾಕಿಸ್ತಾನದ ಸುಮಾರು 93,000 ಮಂದಿ ಭಾರತದ ವಶವಾದರು, ಶಿಮ್ಲಾ ಒಪ್ಪಂದದ ನಂತರದ ವರ್ಷಗಳಲ್ಲಿ ಅವರು ತಾಯ್ನಾಡಿಗೆ ಮರಳಿದರು. ಅದೇ ಯುದ್ಧದಲ್ಲಿ ಕಾಣೆಯಾಗಿ, ಪಾಕಿಸ್ತಾನದ ಜೈಲುಗಳಲ್ಲಿದ್ದಾರೆಂದು ನಂಬಲಾದ ಭಾರತೀಯ ಯೋಧರ ಸಂಖ್ಯೆ 54. ಸಂಘರ್ಷ ನಿಂತೊಡನೆ ಯುದ್ಧಕೈದಿಗಳನ್ನು ತಡವಿಲ್ಲದೆ ಬಿಡಬೇಕೆಂದು 1949ರ ಮೂರನೇ ಜಿನೀವಾ ಒಪ್ಪಂದದ 118ನೇ ವಿಧಿ ಹೇಳುತ್ತದೆ. ಅಂಥ ಕೈದಿಗಳು ತನ್ನಲ್ಲಿ ಯಾರೂ ಇಲ್ಲವೆಂಬುದು ಪಾಕಿಸ್ತಾನದ ನಿಲುವು.

ಈ ಪಟ್ಟಿಯಲ್ಲಿರುವ ಮೇಜರ್ ಅಶೋಕ್ ಸೂರಿ ಅವರ ತಂದೆ ಡಾ. ಆರ್.ಎಸ್. ಸೂರಿ ಅವರಿಗೆ 1974ರ ಡಿಸೆಂಬರ್‌ನಲ್ಲಿ ಮಗನ ಕೈಬರಹದ ಚೀಟಿ ತಲುಪಿತು, ಮರು ವರ್ಷ ಕರಾಚಿಯಿಂದ ಇನ್ನೊಂದು ಪತ್ರ ಬಂತು. ಆ ಬಳಿಕ ಸರ್ಕಾರ ಅಶೋಕ್ ಅವರನ್ನು ಮಡಿದವರ ಪಟ್ಟಿಯಿಂದ ಕಾಣೆಯಾದವರ ಪಟ್ಟಿಗೆ ವರ್ಗಾಯಿಸಿತು. ಫ್ಲೈಟ್ ಲೆಫ್ಟಿನೆಂಟ್ ವಿಜಯ್ ವಸಂತ್ ತಾಂಬೆ ಸೆರೆಸಿಕ್ಕ ಸುದ್ದಿ ಯುದ್ಧದ ದಿನಗಳಲ್ಲಿ ಪಾಕಿಸ್ತಾನದ ಪತ್ರಿಕೆಯೊಂದರಲ್ಲಿ ಅಚ್ಚಾಗಿತ್ತು. ಅವರ ಪತ್ನಿ, ರಾಷ್ಟ್ರೀಯ ಬ್ಯಾಡ್ಮಿಂಟನ್ ಚಾಂಪಿಯನ್ ಆಗಿದ್ದ ದಮಯಂತಿ ತಾಂಬೆ, ದಶಕಗಳ ಕಾಲ ಈ ಹೋರಾಟದ ಮುಂಚೂಣಿಯಲ್ಲಿದ್ದರು. ಕುಟುಂಬಗಳು ಸಂಘ ಕಟ್ಟಿಕೊಂಡು ಸಂಸತ್ತು, ಮಂತ್ರಿಗಳು, ನ್ಯಾಯಾಲಯ, ರೆಡ್ ಕ್ರಾಸ್ ಎಲ್ಲ ಕಡೆ ಅಲೆದವು. 1983ರಲ್ಲಿ ಒಂದು ನಿಯೋಗ, 2007ರ ಜೂನ್‌ನಲ್ಲಿ 14 ಬಂಧುಗಳ ಇನ್ನೊಂದು ನಿಯೋಗ ಪಾಕಿಸ್ತಾನದ ಜೈಲುಗಳಿಗೆ ಹೋಗಿ ಬಂದವು. ಒಬ್ಬರೂ ಸಿಗಲಿಲ್ಲ.

ಹಿಮದಲ್ಲಿ ಹುಡುಕಾಟ

1968ರ ಫೆಬ್ರುವರಿ 7ರಂದು ಚಂಡೀಗಢದಿಂದ ಲೇಹ್‌ಗೆ ಹೊರಟ ವಾಯುಪಡೆಯ ಎಎನ್-12 ವಿಮಾನ 102 ಜನರೊಂದಿಗೆ ರೋಹ್ತಾಂಗ್ ಪ್ರದೇಶದಲ್ಲಿ ಕಣ್ಮರೆಯಾಯಿತು. ಮೊದಲ ಅವಶೇಷ 2003ರಲ್ಲಿ ಕಂಡದ್ದು ಪರ್ವತಾರೋಹಿಗಳಿಗೆ. 2024ರ ಸೆಪ್ಟೆಂಬರ್‌ನಲ್ಲಿ, 56 ವರ್ಷಗಳ ನಂತರ, ಡೋಗ್ರಾ ಸ್ಕೌಟ್ಸ್ ಮತ್ತು ತಿರಂಗಾ ಮೌಂಟನ್ ರೆಸ್ಕ್ಯೂ ತಂಡಗಳು ಇನ್ನೂ ನಾಲ್ಕು ದೇಹಗಳನ್ನು ಹೊರತೆಗೆದವು.

ಹುಡುಕಾಟ ಬೇಗ ನಿಲ್ಲಿಸಬಾರದೆಂಬುದಕ್ಕೆ ಕನ್ನಡಿಗರ ಮನದಲ್ಲಿ ಉಳಿದ ಉದಾಹರಣೆ ಸಿಯಾಚಿನ್‌ನದು. 2016ರ ಫೆಬ್ರುವರಿ 3ರಂದು 19ನೇ ಮದ್ರಾಸ್ ಬೆಟಾಲಿಯನ್ನಿನ ಹತ್ತು ಮಂದಿ ಹಿಮಕುಸಿತದಲ್ಲಿ ಸಿಲುಕಿದರು. ಯಾರೂ ಉಳಿದಿಲ್ಲವೆಂದು ಸಂತಾಪವೂ ಸಂದಿತ್ತು. ಸೇನೆ ಅಗೆಯುವುದನ್ನು ನಿಲ್ಲಿಸಲಿಲ್ಲ. ಆರನೇ ದಿನ ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಜೀವಂತ ಸಿಕ್ಕರು. ಫೆಬ್ರುವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ಅವರು ಕೊನೆಯುಸಿರೆಳೆದರು.

ಹಳ್ಳಿಗಳಲ್ಲಿ ಕೆಲಸದ ರೀತಿ

ದಿನನಿತ್ಯದ ಸ್ವಯಂಸೇವೆ ಸುದ್ದಿಯಾಗುವಂಥದ್ದಲ್ಲ. ಕೊಳ್ಳೇಗಾಲದ ಬಳಿಯ ಮಧುವನಹಳ್ಳಿಯಂಥ ಊರಿನವರು ಮದ್ರಾಸ್ ರೆಜಿಮೆಂಟಿನಿಂದ ನಿವೃತ್ತರಾಗಿದ್ದರೆ ಅವರ ಸೇವಾ ದಾಖಲೆ ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿರುತ್ತದೆ, ಪಿಂಚಣಿಯ ಲೆಕ್ಕಪತ್ರ ಪ್ರಯಾಗರಾಜ್‌ನಲ್ಲಿ. ಪತ್ನಿಯ ಹೆಸರು ಸೇನೆಯ ದಾಖಲೆಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು ಇದ್ದರೆ ಕುಟುಂಬ ಪಿಂಚಣಿ ತಡವಾಗುತ್ತದೆ. ಹುಟ್ಟಿದ ದಿನಾಂಕ, ಮದುವೆಯ ನೋಂದಣಿ, ಮಕ್ಕಳ ವಿವರ ಸರಿಪಡಿಸುವುದು, 'ಸ್ಪರ್ಶ್' ಎಂಬ ಆನ್‌ಲೈನ್ ಪಿಂಚಣಿ ವ್ಯವಸ್ಥೆಯಲ್ಲಿ ವರ್ಷಕ್ಕೊಮ್ಮೆ ಜೀವಿತ ಪ್ರಮಾಣಪತ್ರ ಸಲ್ಲಿಸುವುದು, 2003ರಲ್ಲಿ ಆರಂಭವಾದ ಇಸಿಎಚ್‌ಎಸ್ ಆರೋಗ್ಯ ಯೋಜನೆಯ ಕಾರ್ಡ್ ಮಾಡಿಸುವುದು, ತಿರಸ್ಕೃತವಾದ ಅಂಗವಿಕಲ ಪಿಂಚಣಿಗೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯಲ್ಲಿ ಅರ್ಜಿ ಹಾಕಿಸುವುದು, ಇವೆಲ್ಲ ಸ್ವಯಂಸೇವಕರು ಜೊತೆಗೆ ಕೂತು ಮಾಡಿಸುವ ಕೆಲಸಗಳು. ಕಾಣೆಯಾದವರ ವಿಷಯದಲ್ಲಿ ಕಾನೂನಿನ ತೊಡಕೂ ಇದೆ. ಏಳು ವರ್ಷ ಸುಳಿವಿಲ್ಲದವರು ಸತ್ತಿದ್ದಾರೆಂದು ಭಾವಿಸಲು ಸಾಕ್ಷ್ಯ ಕಾನೂನು ಅವಕಾಶ ಕೊಡುತ್ತದೆ. ಆಸ್ತಿ, ಬ್ಯಾಂಕ್ ಖಾತೆಗಳ ವ್ಯವಹಾರಕ್ಕೆ ಇದು ಅನುಕೂಲವಾದರೂ ಆ ಕಾಗದಕ್ಕೆ ಸಹಿ ಹಾಕುವುದು ಪತ್ನಿಗೆ ಅಷ್ಟು ಸುಲಭವಲ್ಲ.

ಒಗ್ಗಟ್ಟಿನ ಬಲಕ್ಕೆ ಸಮಾನ ದರ್ಜೆ, ಸಮಾನ ಪಿಂಚಣಿ ಹೋರಾಟ ಸಾಕ್ಷಿ. 2015ರ ಜೂನ್‌ನಲ್ಲಿ ದೆಹಲಿಯ ಜಂತರ್ ಮಂತರ್‌ನಲ್ಲಿ ಮಾಜಿ ಸೈನಿಕರು ಸರದಿ ಉಪವಾಸಕ್ಕೆ ಕೂತರು. ಅದೇ ವರ್ಷದ ನವೆಂಬರ್ 7ರಂದು ಆದೇಶ ಹೊರಬಿತ್ತು, 2014ರ ಜುಲೈ 1ರಿಂದ ಅನ್ವಯವಾಯಿತು.

ಇತಿಮಿತಿ ಮತ್ತು ಹೊಣೆ

ಕಾಣೆಯಾದವರ ಮನೆಗೆ ಒಯ್ಯುವ ಪ್ರತಿ ಸುದ್ದಿಗೂ ತೂಕವಿದೆ. ಜೈಲಿನಲ್ಲಿ ಕಂಡೆವೆಂಬ ಗಾಳಿಮಾತು ಬಾಡಿದ ಆಸೆಯನ್ನು ಚಿಗುರಿಸಿ ಮತ್ತೆ ಮುರಿಯುತ್ತದೆ. ಆದ್ದರಿಂದ ಪರಿಶೀಲಿಸದ ಮಾಹಿತಿಯನ್ನು ಹರಡದಿರುವುದು, ಮನೆಯವರ ಒಪ್ಪಿಗೆ ಇಲ್ಲದೆ ಹೆಜ್ಜೆ ಇಡದಿರುವುದು, ಹಣ ಕೇಳುವ ಮಧ್ಯವರ್ತಿಗಳನ್ನು ದೂರವಿಡುವುದು ಈ ಕೆಲಸದ ಶಿಸ್ತು. ಪುರಾವೆ ಎಲ್ಲಿಂದ ಬಂದರೂ ಒಪ್ಪಿಕೊಳ್ಳುವ ಮನಸ್ಸೂ ಬೇಕು. ದೇವಯ್ಯನವರ ಶೌರ್ಯಕ್ಕೆ ಸಾಕ್ಷಿಯಾದದ್ದು ಎದುರಾಳಿಯ ದಾಖಲೆ. 1971ರ ಪಟ್ಟಿಯಲ್ಲಿರುವವರ ತಂದೆತಾಯಂದಿರ ತಲೆಮಾರು ಮುಗಿಯುತ್ತ ಬಂದಿದೆ. ಅವರು ಕೂಡಿಟ್ಟ ಪತ್ರಗಳು, ಪತ್ರಿಕೆಯ ತುಣುಕುಗಳು, ಭಾವಚಿತ್ರಗಳು ಮುಂದಿನ ಹುಡುಕಾಟಕ್ಕೆ ಆಧಾರ. ಅವನ್ನು ಪ್ರತಿ ಮಾಡಿಸಿ, ದಿನಾಂಕ ಬರೆದು, ಮಕ್ಕಳು ಮೊಮ್ಮಕ್ಕಳ ಕೈಗೆ ಒಪ್ಪಿಸುವುದು ಈಗ ತುರ್ತಾಗಿ ಆಗಬೇಕಾದ ಸ್ವಯಂಸೇವೆ.